ಶಭಾಷ್ ಎನ್ನದ ಪರದೆ

ಕೊಯ್ವುನಿಯೆಮಿ
ಏಪ್ರಿಲ್ ೨, ಗುರುವಾರ

ಪ್ರೀತಿಯ ಎಲ್ಮೆರಿ,

ಹಿಮ್ಮಡಿಯ ಗಾಯ ಮಾಗಿತೇ ಮಗನೇ? ಹೊಸ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕು ಎಂದು ಹೇಳಿ ಕಳಿಸಿದ್ದೆ. ನೀನು ಹಾಕಿರುವುದಿಲ್ಲ, ನಿನ್ನ ಅಪ್ಪನ ಮಗ ತಾನೇ! ಇವತ್ತು ಗುರುವಾರ, ಬ್ಯಾರಕ್ಕಿನಲ್ಲಿ ಬಟಾಣಿ ಸಾರು ಇರುತ್ತದೆ, ಹೊಟ್ಟೆ ತುಂಬ ಉಣ್ಣು. ನಾವಿಬ್ಬರೂ ಆರಾಮ. ನನ್ನ ಮಂಡಿ ಮಾತ್ರ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಜೂನ್‌ನಲ್ಲಿ ಬಂದ ಕೂಡಲೇ ನಿನ್ನನ್ನು ವಿಮಾನ ನಿಲ್ದಾಣದಲ್ಲಿ ನನ್ನ ಜೊತೆಗೇ ತಪಾಸಣೆಯ ಕೆಲಸಕ್ಕೆ ಸೇರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹೋದ ಪತ್ರದಲ್ಲಿ ಅದನ್ನೇ ಕೇಳಿದ್ದೀಯ. ಹೇಳುತ್ತೇನೆ, ಮೊದಲು ನನ್ನ ಹೊಟ್ಟೆಯುರಿ ಕೇಳು.

ಹೊಸ ಯಂತ್ರ ಬಂದಿದೆ. ಚೀಲವನ್ನು ಎಲ್ಲ ಕಡೆಯಿಂದಲೂ ಸೀಳಿ ನೋಡುತ್ತದೆ. ನೀರಿನ ಬಾಟಲಿ, ಲ್ಯಾಪ್‌ಟಾಪ್ ಯಾವುದನ್ನೂ ಹೊರಗೆ ತೆಗೆಯಬೇಕಿಲ್ಲ, ಪ್ರಯಾಣಿಕರಿಗೆ ಸುಗ್ಗಿ. ಆದರೆ ಇದು ಈಸ್ಟರ್ ವಾರ, ಊರಿನ ಅಜ್ಜಿಯರೆಲ್ಲ ಮೊಮ್ಮಕ್ಕಳಿಗೆಂದು ಡಬ್ಬಿಗಟ್ಟಲೆ ಮ್ಯಾಮ್ಮಿ ಹೊತ್ತು ಹೊರಟಿದ್ದಾರೆ. ಆ ಕರಿಯ ಸಿಹಿಗಂಜಿ ಗಟ್ಟಿಯಾಗಿ ಕೂತಿರುವುದನ್ನು ಕಂಡರೆ ಯಂತ್ರಕ್ಕೆ ಅದು ಸ್ಫೋಟಕ! ಪ್ರತಿ ಡಬ್ಬಿಗೂ ಕೆಂಪು ಚೌಕ ಹಾಕುತ್ತದೆ, ಪ್ರತಿ ಸಲವೂ ನಾನು ‘ಅಪಾಯವಿಲ್ಲ’ ಗುಂಡಿ ಒತ್ತಬೇಕು. ಮೊದಲ ದಿನ ನಗು ಬಂತು. ಮರುದಿನ ನಮ್ಮ ಮೇಲಧಿಕಾರಿ ಸಾತು, “ಒತ್ತುತಾ ಇರಿ ತುಯಿರೆ, ನೀವು ಒತ್ತೋದನ್ನ ನೋಡಿನೇ ಅದು ಕಲಿಯೋದು. ಬರೋ ಈಸ್ಟರ್‌ಗೆ ಅದಕ್ಕೇ ಎಲ್ಲಾ ಗೊತ್ತಿರುತ್ತೆ” ಎಂದಳು. ಕೂತ ಕೊಂಬೆಯನ್ನೇ ಕಡಿಯುವವರ ಕಥೆ ಕೇಳಿದ್ದೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದು ಗೊತ್ತಿರಲಿಲ್ಲ. ಬರುವ ಈಸ್ಟರ್‌ಗೆ ನಾನೆಲ್ಲಿರುತ್ತೇನೆ ಎಂದು ಕೇಳಿದೆ. ಅವಳು ಕಾಫಿ ಲೋಟ ತೊಳೆಯಲು ಹೋದಳು.

ಮಂಗಳವಾರ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದಳು. ಶರತ್ಕಾಲದಿಂದ ಪರದೆ ನೋಡುವ ಕುರ್ಚಿಗಳು ಇಲ್ಲಿರುವುದಿಲ್ಲ. ಯಂತ್ರವೇ ನೋಡುತ್ತದೆ. ಅದಕ್ಕೆ ಅನುಮಾನ ಬಂದ ಚಿತ್ರವನ್ನು ಮಾತ್ರ ರಾಜಧಾನಿಯ ಯಾವುದೋ ಕೋಣೆಯಲ್ಲಿ ಕೂತವರು ನೋಡುತ್ತಾರೆ. “ಕೆಲಸ ಹೋಗಲ್ಲ, ಬದಲಾಗುತ್ತೆ ಅಷ್ಟೆ” ಅಂತೆ. ಹಿಮವೂ ಎಲ್ಲಿಗೂ ಹೋಗುವುದಿಲ್ಲ, ಕೆಸರಾಗುತ್ತದೆ ಅಷ್ಟೆ! ಆ ಸಿಟ್ಟಿನಲ್ಲೇ ಹೋಗಿ ಪರದೆಯ ಮುಂದೆ ಕೂತೆ. ನಿನಗೆ ಗೊತ್ತಲ್ಲ, ನಾವು ತೂಕಡಿಸದಿರಲಿ ಎಂದು ಆಗಾಗ ಯಾರದೋ ಚೀಲದ ಚಿತ್ರದೊಳಗೆ ಇಲ್ಲದ ಪಿಸ್ತೂಲನ್ನೋ ಚಾಕುವನ್ನೋ ತೂರಿಸುತ್ತಾರೆ. ಕಂಡುಹಿಡಿದು ಗುಂಡಿ ಒತ್ತಿದರೆ ಅದು ಮಾಯವಾಗಿ ‘ಶಭಾಷ್, ಇದು ಪರೀಕ್ಷೆ’ ಎಂದು ಪರದೆಯ ಮೇಲೆ ಬರುತ್ತದೆ. ಅವತ್ತು ಮೊದಲ ಚೀಲದಲ್ಲೇ ಚೂರಿ. ಇವತ್ತೂ ನಿಮಗೆ ಪರೀಕ್ಷೆಯ ಚಟವೇ ಎಂದು ಬೈದುಕೊಂಡು ಗುಂಡಿ ಗುದ್ದಿದೆ. ಶಭಾಷ್ ಬರಲಿಲ್ಲ. ಚೂರಿಯೂ ಹೋಗಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದೆ, ನಾನು ಶಾಲೆಯ ಹುಡುಗಿಯ ಹಾಗೆ ಶಭಾಷ್‌ಗೆ ಕಾಯುತ್ತಾ ಕೂತಿದ್ದೇನೆ! ಅದು ನಿಜವಾದ ಚೂರಿ ಎಂದು ಹೊಳೆಯುವಷ್ಟರಲ್ಲಿ ಸಾತು ಬಂದು ಹಿಂದೆ ನಿಂತಿದ್ದಳು. ಯಂತ್ರ ನನಗಿಂತ ಮೊದಲೇ ಅದಕ್ಕೆ ಕೆಂಪು ಚೌಕ ಹಾಕಿತ್ತು ಮಗನೇ, ಸಿಟ್ಟಿನಲ್ಲಿ ಅದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ಅಳು ಬಂತು.

ಚೀಲ ಕಲೆವಿ ಎಂಬ ಮುದುಕರದು. ತಮ್ಮನನ್ನು ಮಣ್ಣು ಮಾಡಲು ಹೊರಟವರು. ಸದಾ ಸೊಂಟಕ್ಕೆ ಕಟ್ಟಿಕೊಳ್ಳುವ ಚೂರಿಯನ್ನು ಬಿಚ್ಚಿ ಚೀಲದೊಳಗೆ ಇಟ್ಟುಬಿಟ್ಟರೆ ಸಾಕು ಎಂದುಕೊಂಡಿದ್ದರು. “ಇದೇನು ಆಯುಧ ಅಲ್ಲ ಕಣಮ್ಮಾ, ಇದರ ಹಿಡಿ ಕೆತ್ತಿ ಕೊಟ್ಟೋನು ಅವ್ನೇ. ಇದನ್ನ ಇಲ್ಲಿ ಬಿಟ್ಟು ಅವ್ನ ಮುಂದೆ ಹೆಂಗೆ ನಿಂತ್ಕೊಳ್ಳಲಿ?” ಎಂದು ಎಲ್ಲರ ಎದುರು ಅತ್ತುಬಿಟ್ಟರು. ಕುಂಟುತ್ತಲೇ ಎದ್ದುಹೋಗಿ ಅವರ ಕೈ ಹಿಡಿದು ಮತ್ತೆ ಹೊರಗೆ ನಡೆಸಿಕೊಂಡು ಹೋದೆ. ಕೌಂಟರಿನವರನ್ನು ಕಾಡಿಬೇಡಿ ಚೀಲವನ್ನು ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಸಾಮಾನಿನ ಜೊತೆಗೆ ಹಾಕಿಸಿದೆ. ವಿಮಾನ ತಪ್ಪಲಿಲ್ಲ, ಪುಣ್ಯ. ವಾಪಸು ಬಂದಾಗ ಸಾತು, “ನೋಡಿ, ಮುಂದೆ ಉಳಿಯೋದು ಈ ಕೆಲಸಾನೇ. ನಿಂತ್ಕೊಂಡು ಜನರ ಹತ್ರ ಮಾತಾಡೋದು. ಅದ್ರಲ್ಲಿ ಒಂದೇ ಜಾಗ ಖಾಲಿ ಇದೆ” ಎಂದಳು. ಇಷ್ಟು ವರ್ಷ ನನ್ನ ಕಣ್ಣು ಸವೆಸಿದರು, ಈಗ ಕಾಲು ಕೇಳುತ್ತಿದ್ದಾರೆ. ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳಲಿ ಹೇಳು?

ಅಪ್ಪ ಹಬೆಸ್ನಾನಕ್ಕೆ ಸೌನಾ ಕಾಯಿಸುತ್ತಿದ್ದಾರೆ, ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ಹಬ್ಬಕ್ಕೆ ರಜೆ ಸಿಗಲಿಲ್ಲವೆಂದು ಮುಖ ಊದಿಸಿಕೊಂಡು ಕೂರಬೇಡ. ಬೆಚ್ಚಗಿರು ಕಂದಾ, ಎಲ್ಲೇ ಇದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ,
ತುಯಿರೆ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆ ಒಂದು ಜಾಗಕ್ಕೆ ನಿಮ್ಮ ಮಗನ ಹೆಸರು ಬರೆಯಲೇ ಎಂದು ಸಾತು ಕೇಳಿದಳು. ಬೇಡ ಎಂದೆ. ನನ್ನ ಹೆಸರು ಬರೆಸಿದೆ. ಜೂನ್‌ನಲ್ಲಿ ಬಂದು ಜಗಳ ಆಡು, ಒಂದು ತಿಂಗಳು ಮಾತು ಬಿಡು, ತಡೆದುಕೊಳ್ಳುತ್ತೇನೆ. ಆ ನಿಂತು ಮಾತಾಡುವ ಕೆಲಸವನ್ನೂ ಒಂದು ದಿನ ಯಾವುದೋ ಯಂತ್ರ ಕಲಿತೇ ಕಲಿಯುತ್ತದೆ. ಆ ಹೊತ್ತಿಗೆ ನನಗೆ ಪಿಂಚಣಿ ಬಂದಿರುತ್ತದೆ ಎಲ್ಮೆರಿ, ನಿನಗೆ ಬಂದಿರುವುದಿಲ್ಲ.