ನಡುವೆ ಒಂದು ಹಕಾರ

ಫೆಬ್ರವರಿ 3, ಬೆಳಿಗ್ಗೆ

ಓಟ್ಸ್ ಗಂಜಿ. ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಇನ್ನೂ ಬೇಕಾ ಅಂದೆ. "ಅಂ-ಅಂ." ಬೇಡ. ಕಾಫಿ? "ಅಂ-ಹಂ." ಸರಿ, ಕೊಟ್ಟೆ.

ಸ್ಟ್ರೋಕ್ ಆದಮೇಲೆ ಆರಿನ್‌ಗೆ ಉಳಿದ ಮಾತು ಇಷ್ಟೇ. ಸ್ಪೀಚ್ ಥೆರಪಿಸ್ಟ್ ಥೆಲ್ಮಾ ಅಂತಾಳೆ — ಸದ್ದು ಕಿವಿಗೆ ಬಿದ್ದ ಹಾಗೇ ಬರೆದಿಡಿ. ಬರೆಯೋಕೆ ಕೂತ್ರೆ ಗೊತ್ತಾಗತ್ತೆ. ಹೌದು ಅನ್ನೋದಕ್ಕೂ ಅಲ್ಲ ಅನ್ನೋದಕ್ಕೂ ನಡುವೆ ಒಂದು 'ಹ'. ಇದ್ರೆ ಹೌದು, ಇಲ್ದಿದ್ರೆ ಅಲ್ಲ. ಬರೀ ಉಸಿರು. ಇವನದೋ ಸೊಟ್ಟಗಾದ ಬಾಯಿ... ಆದ್ರೂ ನಂಗೆ ಕೇಳತ್ತೆ. ಮದುವೆಯಾದಾಗಿನಿಂದ ಕೇಳ್ತಾ ಬಂದಿದ್ದೇನೆ.

ಫೆಬ್ರವರಿ 6

ಎಡಗೈಲಿ ಬರೀತಿದೀನಿ. ಬಚ್ಚಲಲ್ಲಿ ಅವನನ್ನ ಎತ್ತೋಕೆ ಹೋಗಿ ಇಬ್ಬರೂ ಬಿದ್ದೆವು. ನನ್ನ ಬಲ ಮಣಿಕಟ್ಟು ಮುರೀತು. ಆರಿನ್ ನೆಲದ ಮೇಲಿಂದಲೇ ಗಂಟಲು ಹರಿಯೋ ಹಾಗೆ ಕೂಗಿದ. ಪಕ್ಕದ ಮನೆಯವರು ಬಾಗಿಲು ಒಡೆದು ಬಂದರು. ಅವನಿಗೆ ಏನೂ ಆಗಿಲ್ಲ. ನನ್ನ ಕೈಯನ್ನೇ ನೋಡ್ತಾನೆ.

ಫೆಬ್ರವರಿ 9

ಮಿನಿಯಾಪೊಲಿಸ್‌ನಿಂದ ಮಗಳು ಬಂದಳು. ಕೋಟು ಬಿಚ್ಚೋ ಮುಂಚೆಯೇ ಶುರು.

"ಅಮ್ಮಾ, ಸಾಕು. ಸರೋವರದ ಹತ್ತಿರದ ಕೇರ್ ಹೋಮ್‌ನಲ್ಲಿ ರೂಮ್ ಇದೆ."

"ನಿಮ್ಮಪ್ಪನ್ನ ಕೇಳು."

ಮಂಡಿಯೂರಿ ಕೇಳಿದಳು. "ಅಪ್ಪಾ, ಅಲ್ಲಿಗೆ ಹೋಗ್ತೀಯಾ?"

ಅವನೇನೋ ಅಂದ.

"ನೋಡು! ಅಂ-ಹಂ ಅಂದ!"

"ಅಂ-ಅಂ ಅಂದಿದ್ದು. 'ಹ' ಎಲ್ಲಿತ್ತು ಬ್ರಿಟ್ಟಾ? ಕಿವೀಲಿ ಏನು ಹತ್ತಿನಾ?"

"ನಿನಗೆ ಬೇಕಾದ್ದೇ ನಿನಗೆ ಕೇಳೋದು."

ಬಾಗಿಲು ದಡಾರಂತ ಹಾಕ್ಕೊಂಡು ಹೋದಳು. ನಾನೂ ಕರೀಲಿಲ್ಲ.

ಫೆಬ್ರವರಿ 11

ಥೆಲ್ಮಾಗೆ ಫೋನ್ ಮಾಡಿ ಕರೆಸಿದೆ. ತೀರ್ಪು ಕೊಡಲಿ ಅಂತ. ಅವಳು ಆರಿನ್ ಎದುರು ಕೂತು ಮೆಲ್ಲಗೆ ಕೇಳಿದಳು — "ನಿಮ್ಮ ಹೆಸರು ಆರಿನ್ ತಾನೇ?"

"ಅಂ-ಅಂ."

"ಈಗ ಬೇಸಿಗೇನಾ?" ಕಿಟಕಿಗೆ ಹಿಮ ಬಡೀತಿದೆ.

"ಅಂ-ಹಂ."

ಸ್ಪಷ್ಟವಾಗಿ. 'ಹ' ಸಮೇತ.

"ಕೆಲವರಿಗೆ ಹೀಗಾಗತ್ತೆ ಮಾರ್ಲಿಸ್. ಪ್ರಶ್ನೆ ಅರ್ಥವಾಗತ್ತೆ, ಉತ್ತರವೂ ಗೊತ್ತು. ಬಾಯಿಂದ ಬರೋದು ತಿರುಗುಮುರುಗು. ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಅಲ್ಲ."

ಹಾಗಾದ್ರೆ ಇಷ್ಟು ದಿನ ಕುಡಿಸಿದ ಕಾಫಿ? ಇನ್ನೂ ಹಸಿವಿದ್ದಾಗ ಎತ್ತಿಟ್ಟ ತಟ್ಟೆ? ನಾನು ಯಾರ ಜೊತೆ ಮಾತಾಡ್ತಿದ್ದೆ... ನನ್ನ ಜೊತೇನೇ?

ಫೆಬ್ರವರಿ 20

ಬರೀಲಿಲ್ಲ. ಮನಸ್ಸಾಗಲಿಲ್ಲ. ಅವನನ್ನ ಏನೂ ಕೇಳೋಕೆ ಹೆದರಿಕೆ.

ಇವತ್ತು ಥೆಲ್ಮಾ ಮೇಜಿನ ಮೇಲೆ ಎರಡು ಫೋಟೊ ಇಟ್ಟಳು. ಒಂದು ನಮ್ಮನೆ. ಒಂದು ಕೇರ್ ಹೋಮ್. "ಬಾಯಿ ಬೇಡ ಆರಿನ್, ಬೆರಳು ಸಾಕು. ಎಲ್ಲಿರಬೇಕು ಅಂತ ಇದೆ?"

ಕೇರ್ ಹೋಮ್ ಮೇಲಿಟ್ಟ.

ಫೋಟೊ ಅದಲು ಬದಲು ಮಾಡಿಸಿದೆ. ಅದನ್ನೇ ಹುಡುಕಿ ಇಟ್ಟ. ಮತ್ತೆ ಮಾಡಿಸಿದೆ. ಥೆಲ್ಮಾ "ಸಾಕು ಮಾರ್ಲಿಸ್" ಅಂದಳು. ಆಮೇಲೆ ಅವನು ಆ ಬೆರಳನ್ನ ನನ್ನ ಮಣಿಕಟ್ಟಿನ ಪ್ಲಾಸ್ಟರ್ ಮೇಲೆ ತಂದಿಟ್ಟ.

ಬ್ರಿಟ್ಟಾಗೆ ಫೋನ್ ಮಾಡಿದೆ. "ನೀನು ಕೇಳಿಸಿಕೊಂಡಿದ್ದೇ ಸರಿ." ಅವಳು ಅತ್ತಳು. ನಂಗೆ ಅಳು ಬರಲಿಲ್ಲ. ಸಿಟ್ಟು. ನನ್ನನ್ನ ಕೇಳದೆ ತೀರ್ಮಾನ ಮಾಡಿದ್ದಾನೆ, ಮಹಾರಾಯ.

ಮಾರ್ಚ್ 2, ಸಂಜೆ

ನಿನ್ನೆ ಹೋದ. ಬ್ರಿಟ್ಟಾ ಕಾರಲ್ಲಿ ಕೂರಿಸಿಕೊಂಡಳು. ಇವತ್ತು ರಸ್ತೆಯೆಲ್ಲ ಮಂಜುಗಡ್ಡೆ, ಕೈಯಲ್ಲಿ ಪ್ಲಾಸ್ಟರ್, ಹೋಗೋಕಾಗಲಿಲ್ಲ. ಫೋನ್ ಮಾಡಿದೆ. ನರ್ಸ್ ಅವನ ಕಿವಿಗೆ ಹಿಡಿದಳು.

ಪ್ರಶ್ನೆ ಕೇಳಲಿಲ್ಲ. ಹೇಳಿದೆ.

"ಸಿಟ್ಟಿದೆ ನಿನ್ನ ಮೇಲೆ. ಮನೆ ಬಿಕೋ ಅಂತಿದೆ. ಒಬ್ಬಳಿಗೆ ಸೂಪ್ ಮಾಡೋಕೆ ಹೋಗಿ, ಇಬ್ಬರಿಗಾಗೋಷ್ಟು ಮಾಡಿ, ಚೆಲ್ಲಿದೆ."

ಆ ಕಡೆ ಬರೀ ಉಸಿರು. ಆಮೇಲೆ ಒಂದು ಸದ್ದು. ಮ್... ಅಂತ ಶುರುವಾಗಿ, ಏರಿ, ನಡುಗಿ, ಇಳೀತು. ಹೌದೂ ಅಲ್ಲ, ಬೇಡಾನೂ ಅಲ್ಲ. ಹಿಂದೆಂದೂ ಕೇಳಿರಲಿಲ್ಲ.

ನರ್ಸ್ ಫೋನ್ ತಗೊಂಡಳು. "ಏನಂದ್ರು ಗೊತ್ತಾಯ್ತಾ ನಿಮಗೆ?"

"ಇಲ್ಲ," ಅಂದೆ. "ಇನ್ನೊಂದ್ಸಲ ಅವನ ಕಿವಿಗೆ ಹಿಡೀರಿ."

ಹಿಡಿದಳು. ನಾನೂ ಅದೇ ಸದ್ದು ಮಾಡಿದೆ. ಅವನು ಮತ್ತೆ. ನಾನು ಮತ್ತೆ. ಎಷ್ಟು ಹೊತ್ತೋ, ಸ್ಟವ್ ಮೇಲೆ ನೀರು ಇಂಗೋ ತನಕ ಹಾಗೇ...

ಬರೆದಿಡೋಣ ಅಂತ ಕೂತೆ. ಮ್ — ಆಮೇಲೆ... ಅಕ್ಷರ ಸಿಗ್ತಿಲ್ಲ.