ಗುಳ್ಳೆ ಏಳದ ಹಸಿರು ಕಲ್ಲು

ಕಲ್ಲು ಕೊಯ್ಯುವ ಶೆಡ್ಡಿನಿಂದ,
ಸೋಮವಾರ ಸಂಜೆ

ನಮ್ಮ ಮನೆ ಯಜಮಾನರಿಗೆ,

ಆಪರೇಷನ್ ಆದ ಕಣ್ಣಿನ ನೋವು ಇಳಿಯಿತೇ? ಕಟ್ಟಿನ ಮೇಲೆ ಕೈ ಹೋಗದಂತೆ ನೋಡಿಕೊಳ್ಳಿ. ಇದನ್ನು ಓದಿ ಹೇಳುತ್ತಿರುವ ಅತ್ತಿಗೆಯವರಿಗೆ ಒಂದು ಮಾತು: ನಿಮ್ಮ ತಮ್ಮ ನಡುವೆ ಬಾಯಿ ಹಾಕಿದರೆ ಓದುವುದನ್ನು ನಿಲ್ಲಿಸಿಬಿಡಿ, ತಾವಾಗಿಯೇ ಸುಮ್ಮನಾಗುತ್ತಾರೆ.

ನೀವು ಗೆರೆ ಎಳೆದಿಟ್ಟು ಹೋದ ಹಸಿರು ಕಲ್ಲನ್ನು ನಾನು ಗರಗಸಕ್ಕೆ ಕೊಡಲಿಲ್ಲ. ಬೈಯಬೇಡಿ, ಪೂರ್ತಿ ಕೇಳಿ. ಯಾವ ಹಸಿರು ಕಲ್ಲು ಬಂದರೂ ಮೂಲೆಗೆ ಒಂದು ಹನಿ ಆಸಿಡ್ ಬಿಟ್ಟು, ಗುಳ್ಳೆ ಎದ್ದರೆ ನಾವು ಕೊಯ್ದು ಹೊಳಪಿಡುವ ಮಾಮೂಲು ಮ್ಯಾಲಕೈಟ್ ಎಂದು ಒಪ್ಪಿಕೊಳ್ಳುವುದು ನಮ್ಮ ಶೆಡ್ಡಿನ ಪದ್ಧತಿ. ಈ ಸಲ ನೀವು ಅದನ್ನು ಮಾಡಿರಲಿಲ್ಲ. ಗುಳ್ಳೆ ಕಾಣುವಷ್ಟು ಕಣ್ಣು ಉಳಿದಿರಲಿಲ್ಲ, ಅದನ್ನು ಹೇಳಲೂ ಇಲ್ಲ. ದ್ರಾಕ್ಷಿ ಗೊಂಚಲಿನಂಥ ಅದರ ಮೈ ಸವರಿ, "ಮ್ಯಾಲಕೈಟೇ ಕಣೇ, ನನ್ನ ಬೆರಳಿಗೆ ಗೊತ್ತು" ಅಂದಿರಿ. ನಾನು ಹನಿ ಬಿಟ್ಟೆ. ಒಂದೂ ಗುಳ್ಳೆ ಏಳಲಿಲ್ಲ. ಆಸಿಡ್ ಹಳತಾಯಿತೇನೋ ಎಂದು ಹಳೆಯ ಮ್ಯಾಲಕೈಟ್ ಚೂರಿನ ಮೇಲೆ ಬಿಟ್ಟರೆ ಅದು ಸೋಡಾದ ಹಾಗೆ ನೊರೆಯೆದ್ದಿತು.

ಫೋನ್ ಮಾಡಿ ಕರೆದೆ, ಕಲ್ಲುಗಳನ್ನು ಬಲ್ಲ ಮ್ಯೂಸಿಯಮ್ಮಿನ ಮೇಡಂ ಒಬ್ಬರು ಬಂದು ಒಂದು ಚೂರನ್ನು ಪರೀಕ್ಷೆಗೆ ಒಯ್ದರು. ಇವತ್ತು ಮತ್ತೆ ಬಂದವರು ಮಸೂರ ಹಿಡಿದು ಬಗ್ಗಿದರೆ, ಕೊಟ್ಟ ಚಹಾ ಆರಿಹೋದರೂ ಏಳಲಿಲ್ಲ. ಇದು ತಾಮ್ರದ ಫಾಸ್ಫೇಟ್ ಅಂತೆ. ಇಷ್ಟು ದೊಡ್ಡ ಗಡ್ಡೆಯಾಗಿ ಸಿಗುವುದು ತೀರಾ ಅಪರೂಪವಂತೆ. ಮ್ಯಾಲಕೈಟಿಗಿಂತ ತೂಕ ಹೆಚ್ಚು, ಗಟ್ಟಿತನವೂ ಒಂಚೂರು ಹೆಚ್ಚು. ಆದರೂ ಚಾಕುವಿನಿಂದ ಗೀರಬಹುದು. ನಮ್ಮ ಮೂಳೆ, ಹಲ್ಲುಗಳಲ್ಲಿ ಇರುವಂಥದೇ ರಂಜಕ, ಅದೇ ಫಾಸ್ಫರಸ್ಸು, ನೀರಿನ ಜೊತೆ ನೆಲದೊಳಗೆ ಇಳಿದು, ತಾಮ್ರವನ್ನು ಸೇರಿ ಈ ಹಸಿರಾಯಿತಂತೆ. ಕೇಳಿ ಮೈ ಜುಮ್ಮೆಂದಿತು. ನಾನೂ ಮಸೂರದಲ್ಲಿ ನೋಡಿದೆ. ಒಂದು ಬಿರುಕಿನೊಳಗೆ ಎಳ್ಳಿಗಿಂತ ಸಣ್ಣ ಹರಳುಗಳು, ಕಡುಹಸಿರು, ಒಂದೊಂದರ ಅಂಚೂ ತಿದ್ದಿಟ್ಟ ಹಾಗೆ. ನಾವು ಇಷ್ಟು ವರ್ಷ ಉಜ್ಜಿ ಉಜ್ಜಿ ತಂದ ಹೊಳಪು ಅದರ ಮುಂದೆ ಏನೂ ಅಲ್ಲ ರೀ. ನಿಮ್ಮ ಗೆರೆ ಸರಿಯಾಗಿ ಆ ಬಿರುಕಿನ ಮೇಲೆಯೇ ಹಾದುಹೋಗಿದೆ.

ಕಲ್ಲನ್ನು ಇಡಿಯಾಗಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಮಾತ್ರೆ ತಪ್ಪಿಸಬೇಡಿ. ಅತ್ತಿಗೆಯವರಿಗೆ ನಮಸ್ಕಾರ.

ಇಂತಿ,
ಗರಗಸ ನಿಲ್ಲಿಸಿದ ನಿಮ್ಮವಳು

ತಾ.ಕ.: ಡಾಕ್ಟರು ನನಗೂ ಫೋನ್ ಮಾಡಿದ್ದರು. ಎಡಗಣ್ಣು ಹೋದಂತೆಯೇ ಲೆಕ್ಕ, ಬಲಗಣ್ಣು ಕಾಣುತ್ತದೋ ಇಲ್ಲವೋ ಶನಿವಾರ ಕಟ್ಟು ಬಿಚ್ಚಿದ ಮೇಲೆಯೇ ಗೊತ್ತಾಗುವುದು ಎಂದರು. ನೀವು ಇದನ್ನೂ ಮುಚ್ಚಿಟ್ಟಿರಿ, ಇರಲಿ. ನನಗೆ ಭಯವಾಗಿದೆ. ಅದಕ್ಕೇ ಕಲ್ಲನ್ನು ಮೇಡಂ ಕೈಗೆ ಇನ್ನೂ ಕೊಟ್ಟಿಲ್ಲ. ಮಡಿಲಲ್ಲಿಟ್ಟುಕೊಂಡು ಶುಕ್ರವಾರದ ಬಸ್ಸಿಗೆ ಬರುತ್ತಿದ್ದೇನೆ. ಕಟ್ಟು ಬಿಚ್ಚಿದಾಗ ಮೊದಲು ಅದನ್ನು ನೋಡಿ. ನನ್ನ ಮುಖ ನಿಮಗೆ ಕಣ್ಣು ಮುಚ್ಚಿದರೂ ಗೊತ್ತಿದೆ.