ಬ್ಲೇಡು ಹುಡುಕಬೇಡಿ

ಅಪ್ಪಾ,

ಎದ್ದ ಕೂಡಲೇ ಕಂಪ್ಯೂಟರ್ ಹತ್ತಿರ ಹೋಗಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ನೀವು ಎತ್ತಿಟ್ಟಿದ್ದ ಹಳೆ ಪವರ್ ಸಪ್ಲೈ ಇನ್ನೂ ಗಟ್ಟಿಯಾಗಿದೆ, ಒಪ್ಪಿದೆ. ದೊಡ್ಡ ಪ್ಲಗ್ಗು ಹೊಸ ಮದರ್‌ಬೋರ್ಡಿಗೆ ಸರಿಯಾಗಿ ಕೂತಿದೆ. ಆದರೆ ಪ್ರೊಸೆಸರಿಗೆ ಹೋಗುವ ವೈರು ಮೋಟು, ಬೋರ್ಡಿನ ಮೇಲಿನ ಮೂಲೆಗೆ ಎಟುಕುವುದಿಲ್ಲ. ಎಕ್ಸ್‌ಟೆನ್ಶನ್ ವೈರು ತರಲು ಹೋಗುತ್ತಿದ್ದೇನೆ. ಅಂಗಡಿಯವನು ಫೋನ್ ಎತ್ತುತ್ತಿಲ್ಲ. ಅವನ ಹತ್ತಿರ ಇಲ್ಲದಿದ್ದರೆ ಇನ್ನೊಂದು ಅಂಗಡಿ, ಅಲ್ಲೂ ಇಲ್ಲದಿದ್ದರೆ ಏನೋ, ಗೊತ್ತಿಲ್ಲ. ನಾನು ಬಿಡಿಸುತ್ತಿರುವ ಮಕ್ಕಳ ಪುಸ್ತಕದ ಚಿತ್ರಗಳನ್ನು ಇದರಲ್ಲೇ ಮುಗಿಸಿ ಸಂಜೆಯೊಳಗೆ ಪ್ರಕಾಶಕರಿಗೆ ಕಳಿಸಲೇಬೇಕು.

ಪಕ್ಕದಲ್ಲಿ ಎಂಟು ಪಿನ್ನಿನ ಉದ್ದ ವೈರೊಂದು ನೇತಾಡುತ್ತಿದೆ. ಅದು ಪ್ರೊಸೆಸರಿನದಲ್ಲ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನದು. ನೋಡಲು ಎರಡೂ ಅಕ್ಕತಂಗಿಯರ ಹಾಗಿವೆ, ಆದರೆ ಇದರಲ್ಲಿ ಕರೆಂಟು ತಿರುಗುಮುರುಗು. ಅದಕ್ಕೇ ಕೂರದ ಹಾಗೆ ಪ್ಲಗ್ಗಿನ ಮೂಲೆಗಳನ್ನೇ ಬೇರೆ ಮಾಡಿದ್ದಾರೆ; ಬಲವಂತವಾಗಿ ಹಾಕಿದರೆ ಬೋರ್ಡು ಸುಟ್ಟುಹೋಗುತ್ತದೆ. ನೀವು ಏನು ಹೇಳುತ್ತೀರೋ ಗೊತ್ತು: "ಸ್ವಲ್ಪ ಕೆತ್ತಿದ್ರೆ ಕೂತ್ಕೊಳ್ಳುತ್ತೆ ಕಣೇ." ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡುತ್ತ, ಕೂರದ ಪ್ಲಗ್ಗನ್ನೆಲ್ಲ ಬ್ಲೇಡಿನಿಂದ ಕೆತ್ತಿ ಕೂರಿಸಿದ ಕೈ ನಿಮ್ಮದು. ಅದಕ್ಕೇ ಬ್ಲೇಡನ್ನು ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ. ಅಡುಗೆಮನೆಯ ಚಾಕುವೂ ಬೇಡ, ದಮ್ಮಯ್ಯ.

ಕಾಫಿ ಫ್ಲಾಸ್ಕಿನಲ್ಲಿದೆ. ಬಿ.ಪಿ. ಮಾತ್ರೆ ಮರೆಯಬೇಡಿ.

ಇನ್ನೊಂದು ಮಾತು. ಆ ಉದ್ದ ವೈರಿನ ಪ್ಲಗ್ಗಿನ ಒಂದು ಮೂಲೆ ಆಗಲೇ ಸವೆದಿರುವುದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬೈಯಬೇಡಿ. ನೀವು ಮಲಗಿದ್ದಾಗ ಕೆತ್ತಿದ್ದು ನಾನೇ.

ಅಂಗಡಿ ತೆರೆಯಲು ಇನ್ನೂ ಒಂದು ಗಂಟೆ ಇದೆ. ಮನೆಯಲ್ಲಿ ಕೂತರೆ ಇನ್ನೊಂದು ಮೂಲೆಯನ್ನೂ ಕೆತ್ತಿಬಿಡುತ್ತೇನೆ, ಅದಕ್ಕೇ ಈಗಲೇ ಹೊರಟೆ.